ಸರದಿಯ ಲೆಕ್ಕ: ಕಾರ್ಖಾನೆಯಲ್ಲೂ ಕಾಯಿಲೆಯಲ್ಲೂ



ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಿಮಗೆ ‘ಫಾಸ್ಟ್ ಲೋಕಲ್’ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಒಂದು ಪ್ರಶ್ನೆ. ಬೊರಿವಲಿಯಿಂದ ಚರ್ಚ್‌ಗೇಟಿಗೆ ಹೊರಟ ಫಾಸ್ಟ್ ಗಾಡಿ ಸ್ಲೋ ಗಾಡಿಗಿಂತ ಮೊದಲು ತಲಪುವುದೇಕೆ? ಅದರ ಮೋಟಾರು ಬೇರೆ ಜಾತಿಯದೇ? ಅಲ್ಲ. ಅದೇ ಬಗೆಯ ಡಬ್ಬಿ, ಅದೇ ಬಗೆಯ ಹಳಿ. ನಡುವಿನ ಅನೇಕ ಸ್ಟೇಷನ್ನುಗಳಲ್ಲಿ ಅದು ನಿಲ್ಲುವುದಿಲ್ಲ, ಅಷ್ಟೆ. ಬೇಗ ತಲಪುವುದರ ಗುಟ್ಟು ಹೆಚ್ಚು ಓಡುವುದರಲ್ಲಿಲ್ಲ, ಕಡಿಮೆ ನಿಲ್ಲುವುದರಲ್ಲಿದೆ.

ಈ ಒಂದು ಮಾತಿನ ಸುತ್ತ ದೊಡ್ಡದೊಂದು ಶಾಸ್ತ್ರವೇ ಬೆಳೆದಿದೆ. ಕಾರ್ಖಾನೆಯಲ್ಲಿ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ಸರದಿ ಗೊತ್ತುಮಾಡುವ ಶಾಸ್ತ್ರ ಅದು. ನಿಮ್ಮಲ್ಲಿ ಇಂಜಿನಿಯರಿಂಗ್ ಓದುವವರು ಇದನ್ನು ‘ಷೆಡ್ಯೂಲಿಂಗ್’ ಎನ್ನುತ್ತೀರಿ. ನಾನು ಇಂಗ್ಲಿಷ್ ಸಾಹಿತ್ಯದಲ್ಲಿ ಬಿ.ಎ. ಮಾಡಿ ಮೂವತ್ತು ವರ್ಷಗಳಿಂದ ಮನೆ ನೋಡಿಕೊಂಡಿರುವವಳು. ಈಕೆಗೇಕೆ ಈ ಉಸಾಬರಿ ಎಂದು ನೀವು ನಗಬಹುದು. ಆದರೆ ಕೊರೋನಾ ಕಾಲದಲ್ಲಿ ಈ ಸರದಿಯ ಲೆಕ್ಕ ನಮ್ಮ ಊರಿನ ಎಷ್ಟೋ ಮನೆಗಳಲ್ಲಿ ಜೀವನ್ಮರಣದ ಪ್ರಶ್ನೆಯಾಗಿಬಿಟ್ಟಿತು. ಅಂದಿನಿಂದ ಇದನ್ನು ಕುತೂಹಲದಿಂದ ಓದುತ್ತ ಬಂದಿದ್ದೇನೆ. ಮೇಲಾಗಿ ಅಡುಗೆಮನೆಯೂ ಒಂದು ಕಾರ್ಖಾನೆಯೇ ಅಲ್ಲವೆ? ಅಲ್ಲಿಂದಲೇ ಆರಂಭಿಸೋಣ.

ಹಬ್ಬದ ದಿನ ಎಂದಿಟ್ಟುಕೊಳ್ಳಿ. ಮನೆಯಲ್ಲಿರುವುದು ಒಂದೇ ಗ್ರೈಂಡರು, ಬಿಡುವಿರುವುದು ಒಂದೇ ಒಲೆ. ಮೂರು ಪದಾರ್ಥ ಆಗಬೇಕು. ಸಾಂಬಾರಿಗೆ ಮಸಾಲೆ ಅರೆಯಲು 5 ನಿಮಿಷ, ಒಲೆಯ ಮೇಲೆ 30 ನಿಮಿಷ. ಉದ್ದಿನ ವಡೆಗೆ ಅರೆಯಲು 20, ಕರಿಯಲು 25. ಚಟ್ನಿಗೆ ಅರೆಯಲು 15, ಒಗ್ಗರಣೆಗೆ 5. ಚಟ್ನಿಯನ್ನು ಮೊದಲು ಮುಗಿಸಿ, ಆಮೇಲೆ ವಡೆ, ಕೊನೆಗೆ ಸಾಂಬಾರು ಎಂದು ಹೊರಟರೆ ಎಲ್ಲ ಮುಗಿಯಲು 90 ನಿಮಿಷ ಬೇಕು. ಸಾಂಬಾರು ಮೊದಲು, ವಡೆ ಆಮೇಲೆ, ಚಟ್ನಿ ಕೊನೆಗೆ ಎಂದರೆ 65 ನಿಮಿಷ ಸಾಕು! ಕಾಗದ ತೆಗೆದುಕೊಂಡು ಲೆಕ್ಕ ಹಾಕಿ ನೋಡಿ. ಗ್ರೈಂಡರು ಅದೇ, ಒಲೆ ಅದೇ, ದುಡಿಯುವ ಕೈಗಳೂ ಅವೇ. ಮೊದಲ ಸರದಿಯಲ್ಲಿ ಒಲೆ ಬರಿದೇ ಉರಿಯುತ್ತ ಕಾದದ್ದರಿಂದ 25 ನಿಮಿಷ ಹೋಯಿತು.

ನಮ್ಮ ಅಜ್ಜಿಯಂದಿರಿಗೆ ಇದು ಲೆಕ್ಕವಿಲ್ಲದೆಯೇ ಗೊತ್ತಿತ್ತು. ಇದನ್ನು ಗಣಿತದ ಸೂತ್ರವಾಗಿ ನಿಲ್ಲಿಸಿದವರು ಸೆಲ್ಮರ್ ಜಾನ್ಸನ್ ಎಂಬ ಅಮೆರಿಕದ ಗಣಿತಜ್ಞರು, 1954ರಲ್ಲಿ. ಎಲ್ಲ ಕೆಲಸಗಳೂ ಒಂದೇ ಕ್ರಮದಲ್ಲಿ ಎರಡು ಯಂತ್ರಗಳನ್ನು ದಾಟಿ ಹೋಗುವಾಗ, ಮೊದಲ ಯಂತ್ರದಲ್ಲಿ ಬೇಗ ಮುಗಿಯುವ ಕೆಲಸವನ್ನು ಮುಂದಕ್ಕೂ, ಎರಡನೆಯದರಲ್ಲಿ ಬೇಗ ಮುಗಿಯುವುದನ್ನು ಹಿಂದಕ್ಕೂ ಹಾಕಬೇಕು. ಆಗ ಅದಕ್ಕಿಂತ ಒಳ್ಳೆಯ ಸರದಿ ಇರಲಾರದು ಎಂದು ಅವರು ಸಾಧಿಸಿ ತೋರಿಸಿದರು.

ಎರಡರ ಜಾಗದಲ್ಲಿ ಮೂರು ಯಂತ್ರ ಇಟ್ಟಿರೋ, ಕಥೆ ಕೆಟ್ಟಿತು! ಅಷ್ಟು ಸುಲಭದ ಸೂತ್ರ ಅಲ್ಲಿ ಸಿಗುವುದಿಲ್ಲ. ಲೆಕ್ಕ ಎಷ್ಟು ಜಟಿಲವೆಂಬುದನ್ನು 1976ರಲ್ಲಿ ಗಣಿತಜ್ಞರು ತೋರಿಸಿಕೊಟ್ಟರು. ಬರಿಯ ಹತ್ತು ಕೆಲಸಗಳನ್ನು ಒಂದರ ಹಿಂದೊಂದು ನಿಲ್ಲಿಸುವ ಬಗೆಗಳೇ 36,28,800. ದೊಡ್ಡ ಕಾರ್ಖಾನೆಯ, ವಿಮಾನ ಕಂಪೆನಿಯ ವೇಳಾಪಟ್ಟಿಗಳನ್ನು ಕಂಪ್ಯೂಟರಿಗೂ ಒಂದೊಂದಾಗಿ ನೋಡಿ ಮುಗಿಸಲಾಗದು. ಅಂಥ ಲೆಕ್ಕಗಳಲ್ಲಿ ಒಂದು ಮುಖ್ಯ ವರ್ಗಕ್ಕೆ ವೇಗವಾದ ಹೊಸ ದಾರಿ ತೋರಿಸಿದವರು ನರೇಂದ್ರ ಕರ್ಮಾರ್ಕರ್. ಇಲ್ಲೇ ಪವಾಯಿಯ ಐಐಟಿಯಲ್ಲಿ ಕಲಿತು 1978ರಲ್ಲಿ ಹೊರಬಂದವರು. 1984ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದಾಗ ಅವರು ಪ್ರಕಟಿಸಿದ ವಿಧಾನ ಜಗತ್ತಿನ ಗಮನ ಸೆಳೆಯಿತು. ಪವಾಯಿ ಕೆರೆಯ ದಂಡೆಯಲ್ಲಿ ಸಂಜೆ ತಿರುಗಾಡಲು ಹೋಗುವ ನಿಮಗೆ ಈ ಹೆಸರು ತಿಳಿದಿರಲಿ.

ಅದೇ 1984ರಲ್ಲಿ ಇಸ್ರೇಲಿನ ಎಲಿಯಾಹು ಗೋಲ್ಡ್‌ರಾಟ್ ಎಂಬ ಭೌತವಿಜ್ಞಾನಿ ‘ದಿ ಗೋಲ್’ ಎಂಬ ಪುಸ್ತಕ ತಂದರು. ಕಾರ್ಖಾನೆಯ ಬಗ್ಗೆ ಬರೆದ ಕಾದಂಬರಿ ಅದು! ಸಾಹಿತ್ಯದ ವಿದ್ಯಾರ್ಥಿನಿಯಾಗಿದ್ದವಳಿಗೆ ಬಹಳ ಮೋಜೆನಿಸಿತು. ಸ್ಕೌಟ್ ಹುಡುಗರು ಸಾಲಾಗಿ ಕಾಡಿನಲ್ಲಿ ನಡೆದು ಹೋಗುವ ಸಂದರ್ಭ ಅದರಲ್ಲಿ ಬರುತ್ತದೆ. ಇಡೀ ಸಾಲು ಗುರಿ ಮುಟ್ಟುವುದು ಎಲ್ಲರಿಗಿಂತ ನಿಧಾನವಾಗಿ ನಡೆಯುವ ಹುಡುಗನ ವೇಗದಲ್ಲಿ. ಮುಂದಿರುವವರು ಎಷ್ಟು ಓಡಿದರೂ ಪ್ರಯೋಜನವಿಲ್ಲ. ಆ ಹುಡುಗನ ಚೀಲದ ಭಾರ ಹಂಚಿಕೊಂಡರೆ ಮಾತ್ರ ಎಲ್ಲರೂ ಬೇಗ ತಲಪುತ್ತಾರೆ. ಕಾರ್ಖಾನೆಯಲ್ಲೂ ಅತಿ ಇಕ್ಕಟ್ಟಾದ ಯಂತ್ರ ಯಾವುದೆಂದು ಹುಡುಕಿ ಅದರ ಹೊರೆ ಇಳಿಸಬೇಕು.

ಇನ್ನೊಂದು ಅಂಶ ನನ್ನನ್ನು ಬೆಚ್ಚಿಬೀಳಿಸಿತು. ಜನ ಅನಿಯಮಿತವಾಗಿ ಬರುವ ಒಂದು ಸಾಧಾರಣ ಕೌಂಟರಿನಲ್ಲಿ ಕೂತ ಗುಮಾಸ್ತ ದಿನದ ಅರ್ಧ ವೇಳೆ ಮಾತ್ರ ಕೆಲಸದಲ್ಲಿದ್ದರೆ, ಅಲ್ಲಿ ಸರಾಸರಿ ಒಬ್ಬರೇ ಇರುತ್ತಾರೆ. ಶೇಕಡಾ 90 ವೇಳೆ ಕೆಲಸದಲ್ಲಿದ್ದರೆ ಒಂಬತ್ತು ಮಂದಿ. ಶೇಕಡಾ 95 ಆದರೆ ಹತ್ತೊಂಬತ್ತು! ಕೆಲಸ ಹೆಚ್ಚಿದ್ದು ಚೂರು, ಕ್ಯೂ ಬೆಳೆದದ್ದು ಮಾರುದ್ದ. ‘ಎಲ್ಲ ಹಾಸಿಗೆಗಳೂ ಸದಾ ಭರ್ತಿ’ ಎಂದು ಹೆಮ್ಮೆಪಡುವ ಆಸ್ಪತ್ರೆಯೊಳಗೆ ಹೊಸ ರೋಗಿಗೆ ಏನು ಕಾದಿದೆಯೆಂದು ಇದರಿಂದ ಊಹಿಸಿಕೊಳ್ಳಿ.

ಈಗ 2020ರ ಮುಂಬಯಿಗೆ ಬನ್ನಿ. ನಿಮ್ಮಲ್ಲಿ ಅನೇಕರು ಆಗ ಶಾಲೆ ಕಾಲೇಜುಗಳಲ್ಲಿದ್ದಿರಿ, ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದಿರಿ. ಮೊದಮೊದಲು ಹಾಸಿಗೆ ಬೇಕಾದವರು ಮಹಾನಗರ ಪಾಲಿಕೆಯ 1916 ಎಂಬ ಒಂದೇ ಸಂಖ್ಯೆಗೆ ಫೋನು ಮಾಡಬೇಕಿತ್ತು, ಇಲ್ಲವೇ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯಬೇಕಿತ್ತು. ಕೋಟಿಗೂ ಮೀರಿದ ಜನರಿಗೆ ಒಂದು ಫೋನು ಸಂಖ್ಯೆ. ಅತಿ ಇಕ್ಕಟ್ಟಿನ ಯಂತ್ರ ಅದೇ ಆಗಿತ್ತು! ಡಾಕ್ಟರರು ಹಗಲಿರುಳೂ ದುಡಿದರು, ನರ್ಸುಗಳು ಮನೆ ಮರೆತರು, ಆದರೂ ರೋಗಿ ಕಾಯುತ್ತಲೇ ಇದ್ದ. ಆ ವರ್ಷದ ಮೇ ತಿಂಗಳಲ್ಲಿ ಇಕ್ಬಾಲ್ ಸಿಂಗ್ ಚಹಲ್ ಪಾಲಿಕೆಯ ಕಮಿಷನರಾಗಿ ಬಂದರು. ಜೂನ್ ತಿಂಗಳಲ್ಲಿ ನಗರದ 24 ವಾರ್ಡುಗಳಿಗೂ ಒಂದೊಂದು ‘ವಾರ್ ರೂಮ್’ ತೆರೆಯಲಾಯಿತು. ಪರೀಕ್ಷೆಯ ವರದಿ ನೇರವಾಗಿ ಪಾಲಿಕೆಗೆ ಬರುವುದು, ಅಲ್ಲಿಂದ ಆಯಾ ವಾರ್ಡಿಗೆ ಹೋಗುವುದು, ವಾರ್ಡಿನವರೇ ರೋಗಿಗೆ ಫೋನು ಮಾಡಿ, ಮನೆಯಲ್ಲಿರಬಹುದೇ, ಹಾಸಿಗೆ ಬೇಕೇ ಎಂದು ನೋಡಿ, ಬೇಕಾದವರಿಗೆ ಹಾಸಿಗೆ ಗೊತ್ತುಮಾಡುವುದು ಎಂಬ ವ್ಯವಸ್ಥೆಯಾಯಿತು. ಒಂದು ಉದ್ದನೆಯ ಕ್ಯೂ ಒಡೆದು ಇಪ್ಪತ್ತನಾಲ್ಕಾಯಿತು. ಬಿಕೆಸಿಯ ಮೈದಾನ, ಗೋರೆಗಾಂವಿನ ನೆಸ್ಕೋ, ವರ್ಲಿಯ ಗುಮ್ಮಟಗಳಲ್ಲಿ ಎದ್ದ ದೊಡ್ಡ ಕೇಂದ್ರಗಳು ಹಾಸಿಗೆಗಳನ್ನು ಭರ್ತಿಯ ಅಂಚಿನಿಂದ ಹಿಂದಕ್ಕೆ ತಂದವು.

ಎಲ್ಲವೂ ಸರಾಗವಾಗಿತ್ತೆಂದು ಹೇಳಲಾರೆ. ವರದಿಯನ್ನು ರೋಗಿಯ ಕೈಗೇ ಕೊಡದೆ ಪಾಲಿಕೆಗೆ ಮಾತ್ರ ಕಳಿಸುವ ಕ್ರಮಕ್ಕೆ ಆಕ್ಷೇಪ ಬಂತು. ರೋಗಿಗೂ ಅವರ ಮನೆಯವರಿಗೂ ವರದಿ ಸಿಗಬೇಕೆಂದು ಅದೇ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹೇಳಿದ್ದು ನ್ಯಾಯವೇ, ನನ್ನ ಜ್ವರದ ವಿಷಯ ನನಗಿಂತ ಮೊದಲು ಆಫೀಸಿನವರಿಗೆ ತಿಳಿದರೆ ನನಗಾದರೂ ಹಿಡಿಸೀತೆ? ಆದರೆ 2021ರ ಮೇ ತಿಂಗಳಲ್ಲಿ ಎರಡನೆಯ ಅಲೆ ದೆಹಲಿಯನ್ನು ಉಸಿರುಗಟ್ಟಿಸಿದಾಗ, ಆಮ್ಲಜನಕದ ನಿರ್ವಹಣೆಯನ್ನು ಮುಂಬಯಿಯಿಂದ ಕಲಿಯಿರಿ ಎಂದು ಹೇಳಿದ್ದೂ ಅದೇ ನ್ಯಾಯಾಲಯ.

ಧಾರಾವಿಯ ಕಥೆ ನಿಮಗೆ ಗೊತ್ತಿರಬೇಕು. ಸುಮಾರು ಎರಡೂವರೆ ಚದರ ಕಿಲೋಮೀಟರಿನಲ್ಲಿ ಎಂಟೂವರೆ ಲಕ್ಷ ಜನ. ಹೆಚ್ಚಿನವರಿಗೆ ಸಾರ್ವಜನಿಕ ಶೌಚಾಲಯವೇ ಗತಿ. 2020ರ ಏಪ್ರಿಲ್ 1ರಂದು ಅಲ್ಲಿ ಮೊದಲ ರೋಗಿ ಪತ್ತೆಯಾದಾಗ ಕೇಳಿದವರೆಲ್ಲ ಕೈಚೆಲ್ಲಿದರು. ಅಲ್ಲಿ ರೋಗಿ ಬರಲೆಂದು ಕಾಯದೆ, ರೋಗವನ್ನು ಹುಡುಕಿಕೊಂಡು ಹೋದರು. ಗಲ್ಲಿಯ ಖಾಸಗಿ ಡಾಕ್ಟರರೇ ಮನೆಮನೆಗೆ ಹೋಗಿ ಜ್ವರ ನೋಡಿದರು. ಸಂಶಯ ಬಂದವರನ್ನು ಶಾಲೆ, ಕ್ರೀಡಾಂಗಣಗಳಿಗೆ ಬೇರೆ ಮಾಡಿದರು. ರೋಗಿಗಳ ಸಂಖ್ಯೆ ಇಮ್ಮಡಿಯಾಗಲು ಏಪ್ರಿಲ್‌ನಲ್ಲಿ 18 ದಿನ ಸಾಕಾಗಿದ್ದದ್ದು ಮೇಯಲ್ಲಿ 43, ಜೂನ್‌ನಲ್ಲಿ 108, ಜುಲೈಯಲ್ಲಿ 430 ದಿನಗಳಿಗೆ ಏರಿತು. ಆ ವರ್ಷದ ಕ್ರಿಸ್ಮಸ್ ದಿನ ಅಲ್ಲಿ ಒಬ್ಬ ಹೊಸ ರೋಗಿಯೂ ಇರಲಿಲ್ಲ.

ಪೂರ್ತಿ ಶ್ರೇಯಸ್ಸನ್ನು ಹುಡುಕಾಟಕ್ಕೇ ಕೊಡುವುದು ಮಾತ್ರ ಅವಸರದ ತೀರ್ಪಾದೀತು. 2020ರ ಜುಲೈಯಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಪಾಲಿಕೆ ಮೊದಲಾದವರು ಸೇರಿ ಮಾಟುಂಗಾ, ಚೆಂಬೂರು, ದಹಿಸರ್ ಕಡೆಯ ಮೂರು ವಾರ್ಡುಗಳಲ್ಲಿ ರಕ್ತಪರೀಕ್ಷೆ ನಡೆಸಿದ್ದರು. ಕೊಳೆಗೇರಿಗಳಲ್ಲಿ ಶೇಕಡಾ 57 ಮಂದಿಗೆ, ಉಳಿದ ಕಟ್ಟಡಗಳಲ್ಲಿ ಶೇಕಡಾ 16 ಮಂದಿಗೆ ಸೋಂಕು ಆಗಲೇ ಬಂದುಹೋಗಿತ್ತು. ಧಾರಾವಿಯ ವಾರ್ಡು ಅದರಲ್ಲಿ ಸೇರಿರಲಿಲ್ಲ, ನಿಜ. ಆದರೂ ಅಲ್ಲಿ ರೋಗ ಇಳಿದುದರಲ್ಲಿ ಹೀಗೆ ತಾನಾಗಿ ಬಂದ ರಕ್ಷಣೆಯ ಪಾಲೂ ಇರಬಹುದೆಂದು ಅನೇಕ ತಜ್ಞರು ಹೇಳಿದರು.

ಇಷ್ಟು ಹುಡುಕಾಡುವ ಅಗತ್ಯವೇನಿತ್ತು ಎಂದರೆ, ವೈರಸ್ಸಿನ ಗಡಿಯಾರವೇ ಹಾಗಿದೆ. ಅಂದಿನ ಕೊರೋನಾದಲ್ಲಿ ಸೋಂಕು ತಗಲಿದ ಸುಮಾರು ಐದು ದಿನಗಳಿಗೆ ಜ್ವರ ಕಾಣಿಸುತ್ತಿತ್ತು. ಆದರೆ ಅದಕ್ಕೆ ಒಂದೆರಡು ದಿನ ಮೊದಲೇ ಆತ ಇತರರಿಗೆ ಹಂಚತೊಡಗಿರುತ್ತಿದ್ದ. ಪರೀಕ್ಷೆಯ ವರದಿ ಬರಲು ನಾಲ್ಕು ದಿನ ಹಿಡಿದರೆ ಆ ಕಾಗದ ಚರಿತ್ರೆಯ ಪುಸ್ತಕಕ್ಕೆ ಮಾತ್ರ ಉಪಯೋಗ.

ಮೈಯೊಳಗೂ ಇದೇ ಸರದಿಯ ಲೆಕ್ಕ. ಫ್ಲೂ ಜ್ವರಕ್ಕೆ ಕೊಡುವ ಒಸೆಲ್ಟಾಮಿವಿರ್ ಮಾತ್ರೆಯನ್ನು 48 ಗಂಟೆಯೊಳಗೆ ಆರಂಭಿಸಿದರೆ ಹೆಚ್ಚು ಪ್ರಯೋಜನ. ಸರ್ಪಸುತ್ತಿನ ಔಷಧಿಗೆ 72 ಗಂಟೆ, ಕೊರೋನಾಕ್ಕೆ ಬಂದ ಪ್ಯಾಕ್ಸ್‌ಲೋವಿಡ್‌ಗೆ ಐದು ದಿನ. ವೈರಸ್ಸು ಮೈಯಲ್ಲಿ ಸಂಸಾರ ಹೂಡಿದ ಮೇಲೆ ಈ ಮದ್ದುಗಳ ಕೈ ಸೋಲುತ್ತದೆ. ಹಾಗೆಂದು ಪವಾಡ ನಿರೀಕ್ಷಿಸಬೇಡಿ: ಆರೋಗ್ಯವಂತ ವಯಸ್ಕರಲ್ಲಿ ಒಸೆಲ್ಟಾಮಿವಿರ್ ಏಳು ದಿನದ ಫ್ಲೂವನ್ನು ಸುಮಾರು 6.3 ದಿನಕ್ಕೆ ಇಳಿಸುತ್ತದೆ, ಅಷ್ಟೆ. ಆ್ಯಂಟಿಬಯೋಟಿಕ್ಕುಗಳಂತೂ ವೈರಸ್ಸಿನ ಮುಂದೆ ಏನೂ ಅಲ್ಲ.

ಎಲ್ಲಕ್ಕಿಂತ ಬೋಧಪ್ರದವಾದದ್ದು ಡೆಕ್ಸಾಮೆಥಾಸೋನ್ ಎಂಬ ಹಳೆಯ, ಅಗ್ಗದ ಸ್ಟಿರಾಯ್ಡ್ ಮದ್ದಿನ ಕಥೆ. ಬ್ರಿಟನ್ನಿನ ‘ರಿಕವರಿ’ ಪ್ರಯೋಗ 2020ರ ಜೂನ್‌ನಲ್ಲಿ ಅದರ ಫಲ ಪ್ರಕಟಿಸಿತು. ಕೃತಕ ಉಸಿರಾಟದ ಯಂತ್ರದಲ್ಲಿದ್ದ ರೋಗಿಗಳ ಸಾವು ಮೂರನೆಯ ಒಂದರಷ್ಟು ತಗ್ಗಿತು. ಬರಿಯ ಆಮ್ಲಜನಕ ಪಡೆಯುತ್ತಿದ್ದವರಲ್ಲಿ ಐದನೆಯ ಒಂದರಷ್ಟು. ಆದರೆ ಆಮ್ಲಜನಕವೇ ಬೇಡದಿದ್ದವರಿಗೆ ಕಿಂಚಿತ್ತೂ ಉಪಯೋಗವಾಗಲಿಲ್ಲ, ಹಾನಿಯಾಗುವ ಸಂಭವವೂ ಕಂಡಿತು. ಕಾರಣ ಸ್ಪಷ್ಟ. ಕಾಯಿಲೆಯ ಮೊದಲ ಪಾಳಿಯಲ್ಲಿ ದುಡಿಯುವುದು ವೈರಸ್ಸು. ಆಗ ಮೈಯ ಸೈನ್ಯ ಬೇಕು. ಎರಡನೆಯ ಪಾಳಿಯಲ್ಲಿ ಆ ಸೈನ್ಯವೇ ರೊಚ್ಚಿಗೆದ್ದು ಶ್ವಾಸಕೋಶವನ್ನು ಸುಡುತ್ತದೆ; ಆಗ ಅದನ್ನು ತಡೆಯುವ ಸ್ಟಿರಾಯ್ಡ್ ಬೇಕು. ಎರಡನೆಯ ಪಾಳಿಯ ಮದ್ದನ್ನು ಮೊದಲ ದಿನವೇ ನುಂಗಿದರೆ ಶತ್ರುವಿಗೆ ಬಾಗಿಲು ತೆರೆದಂತೆ. ವಾಟ್ಸಾಪಿನಲ್ಲಿ ಬಂದ ಔಷಧಿ ಚೀಟಿ ನೋಡಿ ಹೀಗೆ ನುಂಗಿದವರು ನಮ್ಮ ಸುತ್ತಲೂ ಇದ್ದರು.

ಇಲ್ಲಿ ನಿಮ್ಮ ಹತ್ತಿರ ಒಂದು ಮಾತು ನೇರವಾಗಿ ಹೇಳಬೇಕಾಗಿದೆ. ನಮ್ಮ ಮನೆಗಳಲ್ಲಿ ಜ್ವರವನ್ನು ಮುಚ್ಚಿಡುವ ಅಭ್ಯಾಸವಿದೆ. ‘ಮಳೆಗೆ ನೆನೆದದ್ದಕ್ಕೆ ಬಂದದ್ದು, ಕಷಾಯ ಕುಡಿದರೆ ಹೋಗುತ್ತದೆ’ ಎಂದು ಅಜ್ಜಿ ಹೇಳುತ್ತಾರೆ. ಮಕ್ಕಳಿಗೆ ತೊಂದರೆ ಬೇಡವೆಂದು ಅಪ್ಪ ಹೇಳುವುದೇ ಇಲ್ಲ. 2020ರಲ್ಲಿ ನಮ್ಮ ಕಟ್ಟಡದ ಹಿರಿಯರೊಬ್ಬರು, ಮಂಗಳೂರು ಕಡೆಯವರು, ನೆರೆಯವರು ಏನೆಂದುಕೊಳ್ಳುತ್ತಾರೋ, ಕಟ್ಟಡಕ್ಕೆ ಬೀಗ ಬೀಳುತ್ತದೋ ಎಂದು ಹೆದರಿ ಆರು ದಿನ ಬಾಯಿಬಿಡಲಿಲ್ಲ. ಏಳನೆಯ ದಿನ ಹಾಸಿಗೆಯೂ ಸಿಕ್ಕಿತು, ಆಂಬುಲೆನ್ಸೂ ಬಂತು. ವ್ಯವಸ್ಥೆ ಎಲ್ಲೂ ನಿಲ್ಲಲಿಲ್ಲ. ಅವರು ಮಾತ್ರ ಮರಳಿ ಬರಲಿಲ್ಲ. ಬೆರಳಿಗೆ ಸಿಕ್ಕಿಸಿ ಆಮ್ಲಜನಕ ನೋಡುವ ಪುಟ್ಟ ಯಂತ್ರ ಅವರ ಮಗನ ಮೇಜಿನ ಖಾನೆಯಲ್ಲೇ ಇತ್ತು. ಈಗ ಮನೆಯಲ್ಲಿ ಫೋನು ಮಾಡುವವರು, ಡಾಕ್ಟರರೊಡನೆ ಮರಾಠಿ, ಇಂಗ್ಲಿಷಿನಲ್ಲಿ ಮಾತಾಡುವವರು ನೀವು. ಅಜ್ಜಿಗೆ ಜ್ವರ ಎಂದಿನಿಂದ ಎಂದು ಕನ್ನಡದಲ್ಲೋ ತುಳುವಿನಲ್ಲೋ ಕೂತು ಕೇಳಿ ತಿಳಿಯಬೇಕಾದವರೂ ನೀವೇ. ಆ ‘ಎಂದಿನಿಂದ’ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಸಿಗದೆ ಡಾಕ್ಟರರಿಗೆ ಯಾವ ಪಾಳಿಯ ಮದ್ದು ಕೊಡಬೇಕೆಂದು ತಿಳಿಯುವುದು ಹೇಗೆ?

ರಜೆಯಲ್ಲಿ ಮಲೆನಾಡಿನ ಕಡೆ ಹೋಗುವವರು ನಿಮ್ಮಲ್ಲಿದ್ದರೆ ಇನ್ನೊಂದು ವೈರಸ್ಸಿನ ವಿಷಯ ತಿಳಿದಿರಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲಿನ ಹಳ್ಳಿಗರಿಗೆ ಉಗ್ರ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಧಾವಿಸಿ ಬಂದು ಅದೇ ವರ್ಷ ಹೊಸ ವೈರಸ್ಸನ್ನು ಪತ್ತೆಹಚ್ಚಿದರು. ಹರಡುವುದು ಉಣುಗಿನ ಕಡಿತದಿಂದ ಎಂದೂ ತಿಳಿಯಿತು. ಪತ್ತೆ ಅಷ್ಟು ಬೇಗ ಆದರೂ ಈ ಮಂಗನ ಕಾಯಿಲೆಗೆ ನಿರ್ದಿಷ್ಟ ಮದ್ದು ಇಂದಿಗೂ ಇಲ್ಲ. ಆದ್ದರಿಂದ ಅಲ್ಲಿ ಮೊದಲ ಸೂಚನೆ ಕೊಡುವುದು ಜ್ವರ ಬಂದ ಮನುಷ್ಯನಲ್ಲ, ಸತ್ತ ಮಂಗ. ಕಾಡಿನ ದಾರಿಯಲ್ಲಿ ಸತ್ತ ಮಂಗ ಕಂಡರೆ ಮುಟ್ಟಬೇಡಿ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ಅಂದೇ ತಿಳಿಸಿ. ಡಿಸೆಂಬರಿನಿಂದ ಮೇವರೆಗೆ ಕಾಯಿಲೆಯ ಕಾಲ. ನಿಮ್ಮ ಕ್ರಿಸ್ಮಸ್ ರಜೆಯೂ, ಬೇಸಿಗೆ ರಜೆಯೂ ಅದರೊಳಗೇ ಬರುತ್ತವೆ.