ಬಾಗಿಲಲ್ಲಿ ತೂಗಿದ ನೋಟ್‌ಬುಕ್ಕು

ಪೀಣ್ಯ ಎರಡನೇ ಹಂತದ ಒಂದು ಶೆಡ್ಡಿನ ಮಹಡಿಯಲ್ಲಿ ನಮ್ಮ ಶಾಲೆ. ಕೆಳಗೆ ಲೇತ್ ತಿರುಗುತ್ತಿರುತ್ತದೆ, ಮೇಲೆ ನಾನು ಬೀಜಗಣಿತ ಹೇಳುತ್ತಿರುತ್ತೇನೆ. ಎಂಟೋ ಒಂಬತ್ತೋ ಓದಿ ಬಿಟ್ಟವರು, ಟಿ.ಸಿ. ಇಲ್ಲದೆ ರಾಯಚೂರು, ಕಲಬುರಗಿಯಿಂದ ಅಪ್ಪ-ಅಮ್ಮನ ಹಿಂದೆ ಬಂದವರು ಇಲ್ಲಿ ಓದಿ, ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ (ಎನ್‌ಐಒಎಸ್) ಹತ್ತನೇ ತರಗತಿ ಪರೀಕ್ಷೆ ಕಟ್ಟುತ್ತಾರೆ. 1989ರಲ್ಲಿ ಶುರುವಾದ ಈ ಸಂಸ್ಥೆಯಲ್ಲಿ 14 ತುಂಬಿದವರು ಸೇರಬಹುದು. ಒಮ್ಮೆ ಸೇರಿದರೆ 5 ವರ್ಷ ಕಾಲಾವಕಾಶ, ವಿಷಯಗಳನ್ನು ಒಂದೊಂದಾಗಿ ಪಾಸು ಮಾಡಿಕೊಳ್ಳಬಹುದು.

ನಾನು ಮೇಷ್ಟ್ರಾಗಿದ್ದು ತಡವಾಗಿ. ಅದಕ್ಕೆ ಮೊದಲು 22 ವರ್ಷ ಇದೇ ಪೀಣ್ಯದಲ್ಲಿ ಕ್ಯೂಸಿ ನೋಡುತ್ತಿದ್ದೆ. ವರ್ನಿಯರ್ ಹಿಡಿದು ಅಳೆಯುವುದು, ಸೈಜಿಗೆ ಬಾರದ್ದನ್ನು ಪಕ್ಕಕ್ಕೆ ಎಸೆಯುವುದು. ಶಾಲೆಗೂ ಅದೇ ಬುದ್ಧಿ ತಂದೆ. ಒಂಬತ್ತು ಗಂಟೆ ದಾಟಿ ಬಂದವರನ್ನು ಮೆಟ್ಟಿಲ ಮೇಲೇ ನಿಲ್ಲಿಸುತ್ತಿದ್ದೆ. ನಿಂತವರು ಸುಮ್ಮನಿರುತ್ತಾರೆಯೇ? ಗೋಡೆ ಗೀಚಿದರು, ಹೊಡೆದಾಡಿದರು, ಕೆಲವರು ಬರುವುದನ್ನೇ ಬಿಟ್ಟರು.

ಒಂದು ದಿನ ನಮ್ಮ ಕನ್ನಡ ಟೀಚರ್ ಇನ್ನೂರು ಪುಟದ ನೋಟ್‌ಬುಕ್ಕಿಗೆ ದಾರ ಕಟ್ಟಿ ಬಾಗಿಲಿಗೆ ತೂಗುಹಾಕಿದರು. "ಸರ್, ಒಂದು ತಿಂಗಳು ಬೈಬೇಡಿ. ತಡ ಆದವರು ಕಾರಣ ಬರೆದು ಒಳಗೆ ಬರಲಿ, ಅಷ್ಟೆ."

ತಿಂಗಳಾದ ಮೇಲೆ ಕೂತು ಓದಿದೆವು. ಮೊದಲ ವಾರವೆಲ್ಲ 'ಟ್ರಾಫಿಕ್'. ಗಲ್ಲಿಯಿಂದ ನಡೆದು ಬರುವವರಿಗೆ ಎಂಥ ಟ್ರಾಫಿಕ್ಕು! ಬರಬರುತ್ತಾ ನಿಜ ಇಳಿಯಿತು. 'ನೀರು ಎಂಟೂವರೆಗೆ ಬಂತು.' 'ಅಮ್ಮ ಗಾರ್ಮೆಂಟ್ಸಿಗೆ ಹೋದ್ರು, ಪಾಪು ನನ್ನ ಹತ್ರ.' 'ಅಪ್ಪಂದು ಸೆಕೆಂಡ್ ಶಿಫ್ಟು.' ಈ ಕೊನೆಯದು ನನಗೆ ತಕ್ಷಣ ಹೊಳೆಯಲಿಲ್ಲ. ಇರುವುದು ಒಂದೇ ಕೋಣೆ. ರಾತ್ರಿ ಹನ್ನೊಂದೂವರೆಗೆ ಅಪ್ಪ ಬಂದು ಲೈಟು ಹಾಕಿ, ಉಂಡು ಮಲಗಿದ ಮೇಲೆಯೇ ಮಕ್ಕಳಿಗೆ ನಿದ್ದೆ.

ಕಾರ್ಖಾನೆಯಲ್ಲಿ ಸಾಲಾಗಿ ಹತ್ತು ಪೀಸು ಸೈಜು ತಪ್ಪಿದರೆ ಯಾರೂ ಪೀಸನ್ನು ಬೈಯುವುದಿಲ್ಲ. ಮೆಷಿನ್ ನಿಲ್ಲಿಸಿ ಸೆಟ್ಟಿಂಗ್ ನೋಡುತ್ತಾರೆ. ಶಾಲೆಗೆ ಬಂದವನು ಅದನ್ನೇ ಮರೆತಿದ್ದೆ. ಗಂಟೆಯನ್ನು ಹತ್ತಕ್ಕೆ ಸರಿಸಿದೆವು, ಪಾಪುಗಳಿಗೆ ಮೂಲೆಯಲ್ಲಿ ಚಾಪೆ ಹಾಸಿದೆವು. ಮೆಟ್ಟಿಲ ಮೇಲಿನ ರಂಪ ಅಲ್ಲಿಗೆ ನಿಂತಿತು.

ಒಳಗಿನ ಜಗಳ ಬೇರೆ. ಕಲಬುರಗಿಯ ಹುಡುಗನೊಬ್ಬ "ಹೌದ್ರಿ" ಎಂದರೆ ಇಲ್ಲಿಯವರಿಗೆ ನಗು. 'ರೀ' ಎಂದೇ ಅವನಿಗೆ ಅಡ್ಡಹೆಸರಿಟ್ಟರು. ಒಂದು ಮಧ್ಯಾಹ್ನ ಅವನು ಸ್ಟೀಲ್ ಲೋಟ ಬೀಸಿದ, ಇನ್ನೊಬ್ಬನ ಹುಬ್ಬು ಒಡೆಯಿತು. ಶನಿವಾರ ಎಲ್ಲರೂ ನೆಲದ ಮೇಲೆ ಸುತ್ತ ಕೂತೆವು. ಅರಳಿಕಟ್ಟೆ ಪಂಚಾಯ್ತಿಯ ಹಾಗೆ ದಂಡ ಹಾಕಲಿಕ್ಕಲ್ಲ. ಕೇಳಿದ್ದು ಎರಡೇ ಮಾತು: ಯಾರಿಗೆ ಏನಾಯಿತು? ಸರಿಮಾಡುವುದು ಹೇಗೆ? ಲೋಟ ಬೀಸಿದವನು ಹೊಲಿಗೆ ಬಿಚ್ಚುವವರೆಗೂ ಗೆಳೆಯನ ಜೊತೆ ಆಸ್ಪತ್ರೆಗೆ ಹೋದ. ನಕ್ಕವರು ಗೋಡೆಗೆ ಬರೆದು ಅಂಟಿಸಿದರು: 'ನನ್ನನ್ನು ಏನೆಂದು ಕರೆಯಬೇಕೋ ನಾನೇ ಹೇಳುತ್ತೇನೆ.'

ಶಿಕ್ಷೆಯಿಲ್ಲದ ಈ ದಾರಿ ನಾವು ಕಂಡುಹಿಡಿದದ್ದಲ್ಲ. 1972ರಲ್ಲಿ ಡೇವಿಡ್ ಹಾರ್ಸ್‌ಬರೋ ಕೋಲಾರ ಜಿಲ್ಲೆಯ ರಾಯಲ್ಪಾಡಿನ ಬಳಿ ಕಟ್ಟಿದ ನೀಲ್‌ಬಾಗ್ ಶಾಲೆಯಲ್ಲಿ ಶಿಕ್ಷೆಯೂ ಇರಲಿಲ್ಲ, ಪೈಪೋಟಿಯೂ ಇರಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತ ಬಿಡು ಎಂದು ಕಾಯ್ದೆ ಹೇಳಿತು. ಬಿಟ್ಟ ಕೈಗೆ ನಮಗೆ ಸಿಕ್ಕಿದ್ದು ಆ ನೋಟ್‌ಬುಕ್ಕು.

ಅದು ಮೇಷ್ಟ್ರುಗಳಿಗೂ ಅನ್ವಯ. ಕಳೆದ ತಿಂಗಳು ನಾನೇ ಹತ್ತೂಕಾಲಿಗೆ ಬಂದೆ. ಪೆನ್ನು ತೆಗೆದು 'ಟ್ರಾಫಿಕ್' ಎಂದು ಬರೆದೆ. ಹಿಂದೆ ನಿಂತಿದ್ದ ಕಲಬುರಗಿ ಹುಡುಗ ಬಗ್ಗಿ ಓದಿದ.

"ಖರೇ ಬರೀರಿ ಸರ್."

ಹೊಡೆದುಹಾಕಿ ಬರೆದೆ: 'ಏಳೋಕೆ ಮನಸ್ಸಾಗಲಿಲ್ಲ.'