ಗುಳೆ ಹೋದ ಮಗುವಿಗೂ ಒಂದು ಮೆಟ್ಟಿಲು

ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿ ಹತ್ತಿರ ಬಂತೆಂದರೆ ಯಾದಗಿರಿ, ಶಹಾಪುರ, ಸುರಪುರದ ಕೋಚಿಂಗ್ ಹುಡುಗರ ಬಾಯಲ್ಲಿ ಮಗುವಿನ ಬುದ್ಧಿ ಬೆಳೆಯುವ ಹಂತಗಳನ್ನು ಹೇಳಿದ ಜೀನ್ ಪಿಯಾಜೆ. ಹುಟ್ಟಿನಿಂದ ಎರಡು ವರ್ಷ ಸಂವೇದನಾ-ಗತಿ ಹಂತ, ಎರಡರಿಂದ ಏಳು ಕಾರ್ಯಪೂರ್ವ ಹಂತ, ಏಳರಿಂದ ಹನ್ನೊಂದು ಮೂರ್ತ ಕಾರ್ಯಗಳ ಹಂತ, ಅಲ್ಲಿಂದ ಮುಂದೆ ಔಪಚಾರಿಕ ಕಾರ್ಯಗಳ ಹಂತ. ಶಿಶು ವಿಕಸನದ ವಿಭಾಗಕ್ಕೆ 30 ಅಂಕ, ಬಿಡುವಂತಿಲ್ಲ. ಮಕ್ಕಳ ಸರಿ ಉತ್ತರಗಳಿಗಿಂತ ತಪ್ಪು ಉತ್ತರಗಳ ಹಿಂದೆಯೇ ಜೀವನ ಕಳೆದವನ ಸಿದ್ಧಾಂತ ಈಗ ನಾಲ್ಕು ಆಯ್ಕೆಗಳಲ್ಲೊಂದು ಸರಿ ಉತ್ತರವಾಗಿ ಕೂತಿರುವುದು ತಮಾಷೆಯೇ ಸರಿ.

ಪಿಯಾಜೆ ಸ್ವಿಟ್ಜರ್ಲೆಂಡಿನವನು, ಹುಟ್ಟಿದ್ದು 1896ರಲ್ಲಿ. ಬಸವನಹುಳು, ಚಿಪ್ಪುಜೀವಿಗಳ ಮೇಲೆ ಡಾಕ್ಟರೇಟ್ ಮಾಡಿದ್ದ. ಮೊದಲ ಮಹಾಯುದ್ಧ ಮುಗಿದ ಮೇಲೆ ಪ್ಯಾರಿಸ್ಸಿಗೆ ಹೋದಾಗ ಅಲ್ಲಿ ಸಿಕ್ಕ ಕೆಲಸ ಬೇಸರದ್ದು: ಇಂಗ್ಲೆಂಡಿನ ಬುದ್ಧಿಪರೀಕ್ಷೆಗಳನ್ನು ಫ್ರೆಂಚ್ ಮಕ್ಕಳಿಗೆ ಹೊಂದಿಸಿ ಅಂಕ ಹಾಕುವುದು. ಅಂಕ ಹಾಕುತ್ತ ಹಾಕುತ್ತ ಅವನಿಗೆ ಒಂದು ಸಂಗತಿ ಕಂಡಿತು. ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯ ತಪ್ಪು ಮಾಡುತ್ತಿದ್ದರು. ಹಾಗಾದರೆ ಅದು ಅರಿವಿನ ಕೊರತೆಯಲ್ಲ, ಅರಿವಿನ ಬೇರೊಂದು ಕ್ರಮ. 1921ರಲ್ಲಿ ಜಿನೀವಾ ಸೇರಿದವನು ಮುಂದೆ ತನ್ನ ಮೂವರು ಮಕ್ಕಳನ್ನೇ ತೊಟ್ಟಿಲಿನಿಂದ ಗಮನಿಸಿ ಬರೆದಿಟ್ಟ.

ಅವನ ಪ್ರಯೋಗಕ್ಕೆ ಪ್ರಯೋಗಾಲಯ ಬೇಡ. ಅಳುವ ನಾಲ್ಕು ವರ್ಷದ ಕೂಸಿಗೆ ಒಂದೇ ಜೋಳದ ರೊಟ್ಟಿಯನ್ನು ಎರಡು ತುಂಡು ಮಾಡಿ ಕೊಟ್ಟು, ‘ನಿನಗ ಎರಡು ಕೊಟ್ಟೀನಿ’ ಎಂದು ಸುಮ್ಮನಾಗಿಸುವುದು ನಮ್ಮ ಕಡೆಯ ಅವ್ವಂದಿರಿಗೆಲ್ಲ ಗೊತ್ತು. ಎರಡನೇ ಇಯತ್ತೆಗೆ ಬಂದ ಅಕ್ಕ ಪಕ್ಕದಲ್ಲಿ ಕೂತು ನಗುತ್ತಾಳೆ. ಆಕಾರ ಬದಲಾದರೂ ಪ್ರಮಾಣ ಬದಲಾಗುವುದಿಲ್ಲ ಎಂಬುದು ಅವಳಿಗೆ ಹೊಳೆದಿದೆ. ಯಾರೂ ಹೇಳಿಕೊಟ್ಟದ್ದಲ್ಲ.

ಮಗು ತನ್ನದೇ ಹಂತದಲ್ಲಿ, ತನ್ನದೇ ಕ್ರಮದಲ್ಲಿ ಕಲಿಯುತ್ತದೆ ಎಂಬ ಈ ವಿಚಾರ ಕರ್ನಾಟಕದ ಹಳ್ಳಿ ಶಾಲೆಗೆ ಹೊಂದಿಕೊಳ್ಳಲು ಪುಸ್ತಕಕ್ಕಿಂತ ಹೆಚ್ಚಾಗಿ ಶಿಕ್ಷಕರ ಕೊರತೆಯೇ ಕಾರಣ ಎನ್ನಬೇಕು. ಒಂದೇ ಕೋಣೆ, ಮೂರು ತರಗತಿ, ಒಬ್ಬ ಮೇಷ್ಟ್ರು. ಎಲ್ಲರಿಗೂ ಒಂದೇ ಪಾಠ ಮಾಡುವುದು ಅಲ್ಲಿ ಸಾಧ್ಯವೇ ಇಲ್ಲ. ಆಂಧ್ರದ ಮದನಪಲ್ಲಿ ಹತ್ತಿರದ ರಿಷಿವ್ಯಾಲಿಯಲ್ಲಿ ಪದ್ಮನಾಭ ರಾವ್ ಮತ್ತು ರಮಾ ದಂಪತಿ ಸುತ್ತಲಿನ ಹಳ್ಳಿಗಳ ಇಂಥ ಶಾಲೆಗಳಿಗಾಗಿ ಪಾಠವನ್ನು ಕಾರ್ಡುಗಳಾಗಿ ಒಡೆದು, ಕಾರ್ಡುಗಳನ್ನು ಏಣಿಯಾಗಿ ಜೋಡಿಸಿದ್ದರು. ಅದನ್ನು ನೋಡಿ ಬಂದ ಎಚ್.ಡಿ. ಕೋಟೆಯ ಸರ್ಕಾರಿ ಶಿಕ್ಷಕರು 1995ರಲ್ಲಿ, ಯುನಿಸೆಫ್ ನೆರವಿನಿಂದ, ತಾವೇ ಕೂತು ಕನ್ನಡದಲ್ಲಿ ರೂಪಿಸಿದ್ದು ‘ನಲಿ-ಕಲಿ’.

ನಲಿ-ಕಲಿ ಅಕ್ಷರಮಾಲೆ ಅ ಆ ಇ ಈ ಎಂದು ಶುರುವಾಗುವುದಿಲ್ಲ. ರ, ಗ, ಸ, ದ, ಅ. ಐದೇ ಅಕ್ಷರ ಕಲಿತ ಮಗು ಮರುದಿನವೇ ಸರ, ಅಗಸ, ಗರಗಸ ಓದುತ್ತದೆ. ‘ನಮ್ಮ ಹುಡುಗಗ ಇನ್ನಾ ಅ ಆ ಇ ಈ ಬರಂಗಿಲ್ರಿ’ ಎಂದು ಪಾಲಕರು ತಕರಾರು ತೆಗೆದದ್ದೂ ಉಂಟು. ತಲೆಯ ಮೇಲೆ ಮಕ್ಕಳ ಚಿತ್ರ ತೂಗುವ ಕಲಿಕಾ ಚಪ್ಪರ, ಮಗುವಿನ ಕೈಗೆಟಕುವ ಎತ್ತರಕ್ಕೆ ಗೋಡೆಯ ಕಪ್ಪು ಹಲಗೆ. ಮಕ್ಕಳು ‘ತಟ್ಟೆ’ ಎಂದು ಕರೆಯುವ ಐದು ಗುಂಪುಗಳಲ್ಲಿ ಕೂರುತ್ತಾರೆ. ಒಂದು ತಟ್ಟೆಗೆ ಶಿಕ್ಷಕರ ಪೂರ್ತಿ ಬೆಂಬಲ, ಇನ್ನೊಂದಕ್ಕೆ ಅರ್ಧ, ಕೆಲವಕ್ಕೆ ಗೆಳೆಯರದೇ ಬೆಂಬಲ, ಕೊನೆಯದು ಸ್ವಕಲಿಕೆ. ಇಲ್ಲಿ ನನಗೆ ಪಿಯಾಜೆಗಿಂತ ರಷ್ಯದ ವೈಗೋಟ್‌ಸ್ಕಿಯೇ ಹೆಚ್ಚು ಕಾಣುತ್ತಾನೆ. ಅವನೂ 1896ರಲ್ಲೇ ಹುಟ್ಟಿ, ಕ್ಷಯದಿಂದ 1934ರಲ್ಲೇ ತೀರಿಕೊಂಡವನು. ಮಗು ಇವತ್ತು ಇನ್ನೊಬ್ಬರ ನೆರವಿನಿಂದ ಮಾಡಿದ್ದನ್ನು ನಾಳೆ ತಾನೇ ಮಾಡುತ್ತದೆ ಎಂಬುದು ಅವನ ವಾದ.

ನಮ್ಮ ಕಡೆಯ ಮಾತಿಗೆ ಬಂದರೆ, ಸುರಪುರ ಇನ್ನೂ ಕಲಬುರಗಿ ಜಿಲ್ಲೆಯಲ್ಲಿದ್ದಾಗಲೇ, 2000ದ ದಶಕದ ನಡುಭಾಗದಲ್ಲಿ, ಅಜೀಂ ಪ್ರೇಮ್‌ಜಿ ಫೌಂಡೇಶನ್ ಸರ್ಕಾರ ಮತ್ತು ಯುನಿಸೆಫ್ ಜೊತೆಗೂಡಿ ತಾಲ್ಲೂಕಿನ ಮುನ್ನೂರಕ್ಕೂ ಹೆಚ್ಚು ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಸ್ನೇಹಿ ಶಾಲೆಯ ಕೆಲಸ ಹಿಡಿಯಿತು. ಸುರಪುರವೂ ಸೇರಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಕೊನೆಗೆ. ನಲಿ-ಕಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂದದ್ದೂ ಅದೇ ಶೈಕ್ಷಣಿಕ ವರ್ಷ. 2011ರ ಜನಗಣತಿಯಲ್ಲಿ ಹೊಸ ಜಿಲ್ಲೆಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕಡಿಮೆ.

ನಲಿ-ಕಲಿಯ ಕಾರ್ಡುಗಳ ಏಣಿಯ ನಿಜವಾದ ಬೆಲೆ ತಿಳಿಯುವುದು ಇಂಥಲ್ಲಿ. ಮಳೆ ಕೈಕೊಟ್ಟರೆ ಮನೆ ಮಂದಿಯೆಲ್ಲ ಬೆಂಗಳೂರಿಗೋ ಪುಣೆಗೋ ಗುಳೆ. ಸುಗ್ಗಿಯಲ್ಲಿ ಹತ್ತಿ ಬಿಡಿಸುವ ಕೆಲಸ. ಹಾಜರಿ ಕೂಗಿದಾಗ ‘ಅಂವ ದುಡಿಯಾಕ ಹೋಗ್ಯಾನ್ರೀ ಸರ’ ಎಂದು ಬೆಂಚಿನ ಇನ್ನೊಬ್ಬ ಹೇಳುತ್ತಾನೆ. ಪಠ್ಯಪುಸ್ತಕದ ತರಗತಿ ಅವನಿಗಾಗಿ ಕಾಯುವುದಿಲ್ಲ. ಏಣಿಯಿದ್ದರೆ, ಮೂರು ತಿಂಗಳಾದ ಮೇಲೆ ಬಂದವನು ತಾನು ಬಿಟ್ಟ ಕಾರ್ಡಿನಿಂದಲೇ ಹಿಡಿಯಬಹುದು. ಅವನು ದಡ್ಡನಲ್ಲ, ಕೆಳಗಿನ ಮೆಟ್ಟಿಲಲ್ಲಿದ್ದಾನೆ ಅಷ್ಟೆ.

ಹಾಗೆಂದು ಏಣಿಯನ್ನೇ ಪೂಜಿಸಬೇಕಿಲ್ಲ. ಕಾರ್ಡು ಮುಗಿಸುವುದೇ ಕಲಿಕೆಯಾದ ಶಾಲೆಗಳೂ ಇವೆ. ಪಿಯಾಜೆಯ ವಯಸ್ಸಿನ ಲೆಕ್ಕವೂ ಕಲ್ಲಲ್ಲಿ ಕೊರೆದದ್ದಲ್ಲ. 1969ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮೆಕ್ಸಿಕೊದ ಕುಂಬಾರರ ಮಕ್ಕಳು, ಮಣ್ಣಿನ ಉಂಡೆಯನ್ನು ಲಟ್ಟಿಸಿದರೂ ಮಣ್ಣು ಅಷ್ಟೇ ಎಂಬುದನ್ನು ಓರಗೆಯವರಿಗಿಂತ ಚೆನ್ನಾಗಿ ಹೇಳಿದ್ದರು. ಕೈಗೆ ಏನು ಸಿಕ್ಕಿದೆ ಎಂಬುದರ ಮೇಲೂ ತಲೆ ಬೆಳೆಯುತ್ತದೆ. ಹಾಗಿದ್ದರೆ ಶಹಾಪುರದ ಹೊಲದಲ್ಲಿ ಹತ್ತಿಯ ತೂಕಕ್ಕೂ ಕೂಲಿಗೂ ಮನಸ್ಸಿನಲ್ಲೇ ತಾಳೆ ಹಾಕುವ ಹತ್ತು ವರ್ಷದ ಹುಡುಗಿಯನ್ನು ಯಾವ ಹಂತದಲ್ಲಿ ಕೂರಿಸುವುದು? ಅವಳ ಲೆಕ್ಕ ಯಾವ ಕಾರ್ಡಿನಲ್ಲೂ ಇಲ್ಲ.

ನಲಿ-ಕಲಿ ಮೂರನೇ ತರಗತಿಗೆ ಮುಗಿಯುತ್ತದೆ. ನಾಲ್ಕರಿಂದ ಮತ್ತೆ ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪಾಠ. ಗುಳೆ ಮಾತ್ರ ಮೂರನೇ ತರಗತಿಗೆ ನಿಲ್ಲುವುದಿಲ್ಲ. ಕೈಯಲ್ಲಿ ಬಲ ಬಂದ ಐದು-ಆರನೇ ಇಯತ್ತೆಯ ಮಕ್ಕಳನ್ನೇ ಅದು ಮೊದಲು ಕರೆಯುತ್ತದೆ.