ಎಲೆ, ಪೊಟ್ಟಣ ಮತ್ತು ಕುಕ್ ಟೌನ್

ಪೂರ್ವ ಬೆಂಗಳೂರಿನಲ್ಲಿ ‘ಐಟಿಸಿ ಫ್ಲೈಓವರ್’ ಎಂದರೆ ಆಟೊದವರಿಗೆ ಬೇರೆ ಗುರುತು ಹೇಳಬೇಕಿಲ್ಲ. ಕುಕ್ ಟೌನ್ ಮತ್ತು ಮಾರುತಿ ಸೇವಾನಗರದ ನಡುವಿನ ಈ ಮೇಲ್ಸೇತುವೆಗೆ ಆ ಹೆಸರು ಬಂದದ್ದು ಪಕ್ಕದ ಸಿಗರೇಟ್ ಕಾರ್ಖಾನೆಯಿಂದ. 1912ರಲ್ಲಿ ಪೆನಿನ್ಸುಲರ್ ಟೊಬ್ಯಾಕೊ ಕಂಪನಿ ಇಲ್ಲಿ ಕಾರ್ಖಾನೆ ತೆರೆಯಿತು. ಮುಂದೆ ಅದು ಐಟಿಸಿಯದಾಯಿತು. ದಂಡು ಪ್ರದೇಶದ ಎಷ್ಟೋ ಮನೆಗಳ ಒಲೆ ಉರಿದದ್ದು ಆ ಹೊಗೆಸೊಪ್ಪಿನ ಸಂಬಳದಿಂದಲೇ. ಈಗ ಸಿಗರೇಟ್ ತಯಾರಿಕೆ ವಿಮಾನ ನಿಲ್ದಾಣದ ಕಡೆಯ ಮೀನಕುಂಟೆಗೆ ಹೋಗಿದೆ. ಹಳೆಯ ಜಾಗದಲ್ಲಿ ಸಾಫ್ಟ್‌ವೇರ್‌ನವರು ಕೂತಿದ್ದಾರೆ. ಕಾರ್ಖಾನೆ ಹೋಯಿತು, ಹೊಗೆಸೊಪ್ಪು ಮಾತ್ರ ಬಡಾವಣೆ ಬಿಟ್ಟು ಹೋಗಿಲ್ಲ.

ಬ್ರಿಟಿಷರ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಿನ ಪೌರಾಡಳಿತದ ಮುಖ್ಯಸ್ಥನಾಗಿದ್ದ ಜಿ.ಎಚ್. ಕುಕ್ ಹೆಸರಿನ ಈ ಬಡಾವಣೆ ಸರ್ಕಾರಿ ಕಡತದಲ್ಲಿ ಸರ್ವಜ್ಞನಗರ. ಜನರ ಬಾಯಲ್ಲಿ ಇಂದಿಗೂ ಕುಕ್ ಟೌನ್. ಹೆಂಚಿನ ಬಂಗಲೆಗಳು ಒಂದೊಂದಾಗಿ ಅಪಾರ್ಟ್‌ಮೆಂಟುಗಳಾಗುತ್ತಿವೆ. ಆದರೂ ಮಿಲ್ಟನ್ ಸ್ಟ್ರೀಟಿನ ಪಾರ್ಕ್, ರಸ್ತೆಯ ಮೇಲೆ ಬಾಗಿದ ಮರಗಳು, ಭಾನುವಾರ ಚರ್ಚಿನಿಂದ ಹೊರಡುವ ಕುಟುಂಬಗಳು ಇಲ್ಲಿನ ಹಳೆಯ ಲಯವನ್ನು ಉಳಿಸಿಕೊಂಡಿವೆ. ಆಂಗ್ಲೋ ಇಂಡಿಯನ್ನರು, ತಮಿಳರು, ಮಲಯಾಳಿಗಳು, ಉರ್ದು ಮಾತನಾಡುವ ಮನೆಯವರು, ಜೀವನಹಳ್ಳಿ ಮತ್ತು ದೊಡ್ಡಿಗುಂಟದ ಹಳಬರು ಒಂದೇ ಬೇಕರಿಯ ಮುಂದೆ ನಿಲ್ಲುವ ಊರು ಇದು. ಒಂದು ಹೆಜ್ಜೆ ಆಚೆ ಇಟ್ಟರೆ ಲಿಂಗರಾಜಪುರ, ಕಮ್ಮನಹಳ್ಳಿ, ಹೆಣ್ಣೂರು. ಅಲ್ಲಿ ಯೆಮೆನ್, ಸುಡಾನ್, ಸೊಮಾಲಿಯಾಗಳಿಂದ ಓದಲು ಬಂದ ಹುಡುಗರ ಬಾಡಿಗೆ ಮನೆಗಳು, ‘ಮಂದಿ’ ಎಂಬ ಯೆಮೆನಿ ಅನ್ನದ ಹೋಟೆಲುಗಳು, ಅರಬ್ಬಿ ಅಕ್ಷರದ ಬೋರ್ಡುಗಳು ಕಾಣುತ್ತವೆ.

ಈ ಹುಡುಗರಲ್ಲಿ ಹಲವರ ಸೀಮೆಗಳಲ್ಲಿ ಜಗಿಯುವ ಎಲೆ ಖಾಟ್. ಇಥಿಯೋಪಿಯಾ, ಕೀನ್ಯಾ, ಯೆಮೆನ್‌ನ ಬೆಟ್ಟಗಳಲ್ಲಿ ಬೆಳೆಯುವ ಗಿಡ ಅದು. ಎಳೆಯ ಎಲೆ ಮತ್ತು ಚಿಗುರನ್ನು ಒಂದು ದವಡೆಯಲ್ಲಿ ಉಂಡೆ ಕಟ್ಟಿಕೊಂಡು ಗಂಟೆಗಟ್ಟಲೆ ರಸ ಹೀರುತ್ತಾರೆ. ಯೆಮೆನ್‌ನಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಗಂಡಸರು ಗುಂಪಾಗಿ ಕೂತು ಹೊತ್ತು ಮುಳುಗುವವರೆಗೆ ಜಗಿಯುವುದು ನಿತ್ಯದ ನಡವಳಿಕೆ. ಮದುವೆ ಮಾತು, ಜಗಳದ ಪಂಚಾಯಿತಿ, ರಾಜಕೀಯ ಎಲ್ಲವೂ ಆ ಕೂಟದಲ್ಲೇ ಆಗುತ್ತವೆ. ಹಾಗಾಗಿ ಖಾಟ್ ಬಿಡುವುದೆಂದರೆ ಅಲ್ಲಿ ಗೆಳೆಯರನ್ನೂ ಬಿಟ್ಟಂತೆ.

ಎಲೆಯೊಳಗಿನ ಮುಖ್ಯ ರಾಸಾಯನಿಕ ಕ್ಯಾಥಿನೋನ್. ಸ್ವಭಾವದಲ್ಲಿ ಆಂಫೆಟಮಿನ್‌ಗೆ ಹತ್ತಿರದ್ದು. ಮೊದಲು ಹುರುಪು, ಮಾತಿನ ಸುರಿಮಳೆ, ಹಸಿವಿಲ್ಲದಿರುವುದು. ಎದೆಬಡಿತ ಜೋರಾಗುತ್ತದೆ, ರಕ್ತದೊತ್ತಡ ಏರುತ್ತದೆ. ಇಳಿಯುವಾಗ ನಿದ್ದೆ ಬಾರದು, ಮನಸ್ಸು ಕುಗ್ಗುತ್ತದೆ, ಸಿಡುಕು ಬರುತ್ತದೆ. ವರ್ಷಗಟ್ಟಲೆ ಜಗಿದವರಿಗೆ ಮಲಬದ್ಧತೆ, ಹಲ್ಲು ಮತ್ತು ಒಸಡಿನ ತೊಂದರೆ, ಹೃದಯಾಘಾತದ ಅಪಾಯ ಕಾಡುತ್ತವೆ. ಅತಿಯಾದಾಗ ಕೆಲವರಿಗೆ ಇಲ್ಲದ್ದು ಕಾಣುವ, ಎಲ್ಲರನ್ನೂ ಶಂಕಿಸುವ ಮಾನಸಿಕ ಕಾಯಿಲೆಯೂ ಬರುತ್ತದೆ. ಮನೆಯ ಲೆಕ್ಕ ಇದಕ್ಕಿಂತ ಕಷ್ಟದ್ದು: ಮಕ್ಕಳ ಹಾಲಿಗೆ, ಔಷಧಿಗೆ ಹೋಗಬೇಕಾದ ದುಡ್ಡು ಎಲೆಯ ಕಟ್ಟಿಗೆ ಹೋಗುತ್ತದೆ. ಕುಡಿಯುವ ನೀರಿಗೇ ತತ್ವಾರವಿರುವ ಯೆಮೆನ್‌ನಲ್ಲಿ ಬೇಸಾಯದ ನೀರಿನ ದೊಡ್ಡ ಪಾಲನ್ನು ಈ ಬೆಳೆಯೇ ಕುಡಿಯುತ್ತದೆ.

ಕಿತ್ತ ಎಲೆಯ ಬಲ ಎರಡು ದಿನದಲ್ಲಿ ಬಹುಮಟ್ಟಿಗೆ ಇಳಿಯುತ್ತದೆ. ಕ್ಯಾಥಿನೋನ್ ಒಡೆದು ಕ್ಯಾಥಿನ್ ಎಂಬ ಸಪ್ಪೆ ವಸ್ತುವಾಗುತ್ತದೆ. ಅದಕ್ಕೇ ಬಾಳೆಎಲೆಯಲ್ಲಿ ಸುತ್ತಿ, ವಿಮಾನ ಹತ್ತಿಸಿ ಓಡಿಸುತ್ತಾರೆ. ನಮ್ಮತ್ತ ಬರುವುದು ಹೆಚ್ಚಾಗಿ ಒಣ ಎಲೆ, ಚಹಾಪುಡಿಯ ವೇಷದಲ್ಲಿ. ಇಥಿಯೋಪಿಯಾದಿಂದ ಬಂದ ಅಂಥ ಪಾರ್ಸೆಲ್‌ಗಳನ್ನು ದೇಶದ ಬೇರೆಬೇರೆ ನಗರಗಳಲ್ಲಿ ಕಸ್ಟಮ್ಸ್ ಮತ್ತು ಮಾದಕವಸ್ತು ನಿಯಂತ್ರಣ ದಳದವರು ಹಿಡಿದಿದ್ದಾರೆ. ಕ್ಯಾಥಿನೋನ್ 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿದೆ. ಊರಿನ ರೂಢಿ ಎಂದು ತರಿಸಿಕೊಂಡ ವಿದ್ಯಾರ್ಥಿಗೆ ಓದೂ ಹೋದೀತು, ವೀಸಾವೂ ಹೋದೀತು. ಬ್ರಿಟನ್ನಿನಲ್ಲಿ 2014ರ ಜೂನ್‌ವರೆಗೆ ತರಕಾರಿಯಂತೆ ಮಾರಾಟವಾಗುತ್ತಿದ್ದ ಎಲೆ ಇದು. ಆಮೇಲೆ ಅಲ್ಲೂ ನಿಷೇಧವಾಯಿತು. ಪಾರ್ಟಿಗಳಲ್ಲಿ ಸಿಕ್ಕಿತೆಂದು ಪತ್ರಿಕೆಗಳಲ್ಲಿ ಓದುವ ಮೆಫೆಡ್ರೋನ್ ಇದೇ ಕ್ಯಾಥಿನೋನ್‌ನ ವಂಶದ್ದು, ಪ್ರಯೋಗಾಲಯದಲ್ಲಿ ಹುಟ್ಟಿದ್ದು, ಎಲೆಗಿಂತ ಬಹಳ ಭೀಕರವಾದದ್ದು.

ಹಾಗೆಂದು ಕಮ್ಮನಹಳ್ಳಿಯ ವಿದೇಶಿ ಹುಡುಗರನ್ನೆಲ್ಲ ಅನುಮಾನದ ಕಣ್ಣಿಂದ ನೋಡುವುದು ಅನ್ಯಾಯ. ಅವರಲ್ಲಿ ಬಹಳಷ್ಟು ಮಂದಿ ಯುದ್ಧ ಕಂಡ ಊರಿನಿಂದ ಬಂದವರು, ಮನೆಯಿಂದ ದುಡ್ಡು ಬರುವುದು ತಡವಾದರೆ ಬಾಡಿಗೆಗೆ ಪರದಾಡುವವರು. ಅವರಿಗೆ ಬೇಕಿರುವುದು ಇಲ್ಲಿನ ಕಾನೂನನ್ನು ಮೊದಲ ದಿನವೇ ಅವರ ಭಾಷೆಯಲ್ಲಿ ತಿಳಿಸಿ ಹೇಳುವ ಕಾಲೇಜು, ನಿದ್ದೆ ಕೆಟ್ಟಾಗ ಹೆದರದೆ ಹೋಗಿ ಮಾತನಾಡಬಹುದಾದ ವೈದ್ಯರು.

ನಾವು ನೋಡಬೇಕಾದ ಬಾಯಿ ನಮ್ಮದು. ಖಾಟ್ ಎಲೆಯ ಪಾರ್ಸೆಲ್ ಸಿಕ್ಕಿದರೆ ಸುದ್ದಿ. ಮೂಲೆಯ ಪೆಟ್ಟಿ ಅಂಗಡಿಯಲ್ಲಿ ಸರಗಳಲ್ಲಿ ತೂಗುವ ಪೊಟ್ಟಣಗಳು ಸುದ್ದಿಯಲ್ಲ. 2013ರ ಮೇ ಕೊನೆಯಲ್ಲಿ, ವಿಶ್ವ ತಂಬಾಕುರಹಿತ ದಿನದ ಹೊತ್ತಿಗೆ, ಕರ್ನಾಟಕ ಗುಟ್ಕಾ ನಿಷೇಧಿಸಿತು. ಅದಾದ ಮೇಲೆ ಬಂದದ್ದು ಜೋಡಿ ಪೊಟ್ಟಣ: ಒಂದರಲ್ಲಿ ಪಾನ್ ಮಸಾಲಾ, ಇನ್ನೊಂದರಲ್ಲಿ ತಂಬಾಕು. ಫ್ಲೈಓವರ್ ಪಕ್ಕ ನಿಂತು ಒಂದು ನಿಮಿಷ ಗಮನಿಸಿ. ಎರಡನ್ನೂ ಹಲ್ಲಿನಿಂದ ಹರಿದು, ಅಂಗೈಗೆ ಸುರಿದು, ಬೆರಳಿನಿಂದ ಕಲೆಸಿ, ತಲೆ ಹಿಂದಕ್ಕೆ ವಾಲಿಸಿ ದವಡೆಗೆ ಹಾಕಿಕೊಳ್ಳುವುದು ಕ್ಷಣದ ಕೆಲಸ. ಹರಿದ ತುಂಡು ಮೋರಿಗೆ, ಉಗುಳು ಕಾಂಪೌಂಡ್ ಗೋಡೆಗೆ. ಕಾನೂನು ಪೊಟ್ಟಣದ ಹೆಸರನ್ನು ಗೆದ್ದಿತು, ಚಟವನ್ನಲ್ಲ. ಶಾಲೆಯ ನೂರು ಗಜದೊಳಗೆ ತಂಬಾಕು ಮಾರಬಾರದೆಂದು 2003ರ ತಂಬಾಕು ನಿಯಂತ್ರಣ ಕಾಯ್ದೆ ಹೇಳುತ್ತದೆ. ಹೆಜ್ಜೆಹೆಜ್ಜೆಗೂ ಶಾಲೆಯಿರುವ ಈ ಭಾಗದಲ್ಲಿ ಅದನ್ನು ಅಳೆದು ನೋಡುವುದು ಪಾಲಿಕೆ ಮತ್ತು ಪೊಲೀಸರ ಕೆಲಸ, ಅವರು ಮಾಡಲೇಬೇಕು.

2016–17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ವಯಸ್ಕ ಭಾರತೀಯರಲ್ಲಿ ಸೇದುವವರು ಶೇ 10.7, ಹೊಗೆಯಿಲ್ಲದ ತಂಬಾಕು ಬಳಸುವವರು ಶೇ 21.4. ಅಂದರೆ ಸಿಗರೇಟು, ಬೀಡಿ ಸೇದುವವರ ಎರಡು ಪಟ್ಟು ಜನ ಹೊಗೆಯಿಲ್ಲದ ತಂಬಾಕಿನ ಸಾಲಿನಲ್ಲಿದ್ದಾರೆ. ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟಿ, ಚಿಟಿಕೆ ಕಡ್ಡಿಪುಡಿ ಸೇರಿಸುವ ಅಜ್ಜಿಯೂ ಈ ಲೆಕ್ಕದಲ್ಲಿದ್ದಾರೆ. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿತು. ಅಡಿಕೆ ಬೆಳೆಯುವುದರಲ್ಲಿ ದೇಶಕ್ಕೇ ಮುಂದಿರುವ ರಾಜ್ಯದಲ್ಲಿ ಕೂತು ಇದನ್ನು ಬರೆಯುವುದು ಹಿತವಲ್ಲ, ಆದರೂ ಬರೆಯಲೇಬೇಕು.

ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆಗೆ ಬಾಯಿ ಕ್ಯಾನ್ಸರ್‌ನೊಂದಿಗೆ ಬರುವವರಲ್ಲಿ ದುಡಿಯುವ ವಯಸ್ಸಿನವರೂ ಇದ್ದಾರೆ. ಬೇಗ ಕಂಡುಹಿಡಿದರೆ ಉಳಿಸಬಹುದಾದ ಕಾಯಿಲೆ ಇದು. ಕನ್ನಡಿ ಮುಂದೆ ಬಾಯಿ ತೆರೆದು, ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು ನೋಡಿ. ಹಿಡಿಸದಿದ್ದರೆ, ಖಾರ ತಾಗಿದ ಕೂಡಲೇ ಕೆನ್ನೆಯೊಳಗೆ ಉರಿದರೆ, ಬಿಳಿ ಇಲ್ಲವೇ ಕೆಂಪು ಮಚ್ಚೆ ಕಂಡರೆ, ಎರಡು ವಾರವಾದರೂ ಹುಣ್ಣು ಮಾಯದಿದ್ದರೆ ದಂತವೈದ್ಯರ ಬಳಿ ಹೋಗುವುದನ್ನು ಮುಂದೂಡಬೇಡಿ.

ಬಿಡಬೇಕೆನಿಸಿದವರು 1800-11-2356 ಸಂಖ್ಯೆಗೆ ಕರೆ ಮಾಡಬಹುದು. ಈ ರಾಷ್ಟ್ರೀಯ ಸಹಾಯವಾಣಿ ಉಚಿತ, ಅದರ ಒಂದು ಕೇಂದ್ರ ನಿಮ್ಹಾನ್ಸ್‌ನಲ್ಲೇ ಇದೆ, ಕನ್ನಡದಲ್ಲೇ ಮಾತನಾಡಬಹುದು. ಬೇರೆ ಚಟಕ್ಕೆ, ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್ 14416 ಇದೆ. ಮನೆಯಲ್ಲಿ ಜಗಿಯುವವರಿದ್ದರೆ ಬೈಯದೆ, ಪಕ್ಕ ಕೂತು, ನೀವೇ ಆ ಸಂಖ್ಯೆ ಒತ್ತಿ ಫೋನು ಅವರ ಕೈಗೆ ಕೊಡಿ.